ತೊಡೆಯ ಪಾಲು

ಕುದುರೆಗಳ ಸದ್ದು ಮೊದಲು ಕೇಳಿಸಿದ್ದು ಹೆಬ್ಬಾತುಗಳಿಗೆ. ಅವು ಕತ್ತು ಚಾಚಿ ಕಿರುಚತೊಡಗಿದಾಗ ಬ್ರಿಕಾ ಅಂಗಳದಲ್ಲಿ ರಕ್ತದ ಕಲೆಗಳ ಮೇಲೆ ಬೂದಿ ಎರಚುತ್ತಿದ್ದಳು. ಅವಳ ಅಣ್ಣ ಲೊವರ್ನನ ರಕ್ತ ಅದು. ಬೂದಿ ಹಾಕಿದಷ್ಟೂ ಕಲೆ ಇನ್ನೂ ಎದ್ದು ಕಾಣುತ್ತಿತ್ತು.

"ಸಾಕು ಬಿಡೇ," ಅಜ್ಜಿ ಬಾಗಿಲಿನಿಂದ ಕೂಗಿದಳು. "ಹಂದಿ ಕೊಯ್ದ ಮನೇಲಿ ರಕ್ತ ಇಲ್ದೆ ಹಾಲಿರುತ್ತಾ? ಒಳಗೆ ಬಾ, ಮುಖ ತೊಳ್ಕೊ. ಹೆಣದ ಮನೆ ಥರ ಕಾಣ್ಬಾರ್ದು, ಊಟದ ಮನೆ ಥರ ಕಾಣ್ಬೇಕು."

"ಯಾರಿಗೆ ಊಟ?"

"ಬರೋರಿಗೆ."

"ಅಜ್ಜೀ, ಅವ್ರು ಅಣ್ಣನ್ನ ಕೊಲ್ಲೋಕೆ ಬರ್ತಿರೋರು!"

"ಕೊಲ್ಲೋಕೆ ಬಂದೋನಿಗೂ ಹೊಟ್ಟೆ ಇರುತ್ತೆ ಕಣೇ."

ಹಂದಿ ಕೊಯ್ದಿದ್ದು ನಿಜವೇ. ಹಿಂದಿನ ದಿನ, ಲೊವರ್ನ ಮತ್ತು ಅವನ ಗೆಳೆಯರು ಗೆದ್ದು ಬಂದರೆ ಉಣ್ಣಲಿ ಅಂತ. ಕಾಡಿನಂಚಿನಲ್ಲಿ ಮರ ಕಡಿಸಿ ಕೋಟೆ ಕಟ್ಟಿಸುತ್ತಿದ್ದ ರೋಮಿನವರ ಮೇಲೆ ಬೀಳಲು ಹೋಗಿದ್ದರು. ಬೆಳಗಾಗುವ ಹೊತ್ತಿಗೆ ವಾಪಸು ಬಂದಿದ್ದು ಲೊವರ್ನ ಒಬ್ಬನೇ, ಅದೂ ತೊಡೆಯಲ್ಲಿ ಈಟಿಯ ತೂತು ಹೊತ್ತುಕೊಂಡು. ಉಳಿದವರ ಹೆಸರನ್ನು ಅವನು ಹೇಳಲಿಲ್ಲ, ಯಾರೂ ಕೇಳಲಿಲ್ಲ. ಹಂದಿ ಮಾತ್ರ ಕೊಪ್ಪರಿಗೆಯಲ್ಲಿ ಬೇಯುತ್ತಲೇ ಇತ್ತು.

ಅವ್ವ ಅಳುತ್ತಾ ಕೂರಲಿಲ್ಲ. ಮಗನ ತೊಡೆಗೆ ಬಟ್ಟೆ ಬಿಗಿದು, ಮೀನು ಎಳೆಯುವ ಜಾರುಹಲಗೆಯ ಮೇಲೆ ಅವನನ್ನು ಮಲಗಿಸಿ, ಹಗ್ಗವನ್ನು ಸ್ವಂತ ಹೆಗಲಿಗೆ ಹಾಕಿಕೊಂಡು ಅಳಿವೆಗೆ ಇಳಿದಳು. ನೀರು ಆಗ ದೂರ ಸರಿದಿತ್ತು. ಕಣ್ಣು ಹಾಯುವಷ್ಟೂ ಕೆಸರುಬಯಲು, ಆ ಬಯಲಿನ ಕೊನೆಗೆ ಬೂದು ಬಣ್ಣದ ಕೊಕ್ಕರೆದಿಬ್ಬ. ಬೇಸಿಗೆಯಲ್ಲಿ ದನಗಳನ್ನು ದಿಬ್ಬದ ಹುಲ್ಲಿಗೆ ಹೊಡೆಯಲು ಅಂತ ಹಿಂದಿನವರು ಕೆಸರಿನಲ್ಲಿ ಹೇಜಲ್ ಗಿಡದ ಕಡ್ಡಿಗಳನ್ನು ಹಾಸಿ ದಾರಿ ಮಾಡಿದ್ದರು. ನೀರು ಏರಿದಾಗ ಆಚೆ ದಡದಿಂದ ಮಾವ ತೊಗಲಿನ ದೋಣಿ ತರುತ್ತಾನೆ. ದಿಬ್ಬ ಮುಟ್ಟಿದರೆ ಬದುಕಿದ ಹಾಗೆ. ಆದರೆ ದನ ಹೋಗುವ ದಾರಿಯಲ್ಲಿ ಕುದುರೆಯೂ ಹೋಗುತ್ತದೆ. ಗಾಯಗೊಂಡವನನ್ನು ಎಳೆಯುವ ಹೆಂಗಸಿಗಿಂತ ಬೇಗ ಹೋಗುತ್ತದೆ.

"ಬುರುಡೆ ಮುಳುಗೋ ತನಕ," ಅಜ್ಜಿ ಬ್ರಿಕಾಳ ಕೂದಲನ್ನು ಒರಟಾಗಿ ಹೆಣೆಯುತ್ತಾ ಹೇಳಿದಳು. "ಅಷ್ಟೇ. ಬುರುಡೆ ಮುಳುಗೋ ತನಕ ಯಾರೂ ನನ್ನ ಒಲೆ ಬಿಟ್ಟು ಏಳ್ಬಾರ್ದು."

ಮೀನು ಹಿಡಿಯುವ ಬೇಲಿಯ ತುದಿಯ ಗೂಟಕ್ಕೆ ಎತ್ತಿನ ತಲೆಬುರುಡೆ ಸಿಕ್ಕಿಸಿತ್ತು. ಅದು ನೀರಿಗೆ ಮುಳುಗಿತೆಂದರೆ ಕಡ್ಡಿಯ ದಾರಿ ಯಾವಾಗಲೋ ಮುಳುಗಿದೆ ಎಂದು ಅರ್ಥ. ಆಮೇಲೆ ಕುದುರೆ ಅಲ್ಲ, ಕುದುರೆಯ ಅಪ್ಪನೂ ದಾಟಲಾರ. ಮನೆಯ ಸುತ್ತ ಆಳೆತ್ತರ ಜೊಂಡು. ಒಳಗೆ ಕೂತವರಿಗೆ ಏನೂ ಕಾಣುವುದಿಲ್ಲ. ಅಂಗಳಕ್ಕೆ ಬಂದು ಹೆಬ್ಬಾತುಗಳ ಗೂಡಿನ ಪಕ್ಕ ನಿಂತು ಜೊಂಡಿನ ಸಂದಿಯಲ್ಲಿ ನೋಡಿದರೆ ಮಾತ್ರ ಬುರುಡೆ, ಬಯಲು, ದಿಬ್ಬ ಎಲ್ಲವೂ ಕಾಣುತ್ತಿತ್ತು. ಬಯಲಿನಲ್ಲಿ ತೆವಳುತ್ತಿರುವವರೂ ಕಾಣುತ್ತಿದ್ದರು.

ಸವಾರರು ಅಂಗಳಕ್ಕೆ ನುಗ್ಗಿದರು. ಕುದುರೆಗಳ ಬಾಯಲ್ಲಿ ನೊರೆ, ಸವಾರರ ಕಣ್ಣಲ್ಲಿ ನಿದ್ದೆಗೆಟ್ಟ ಕೆಂಪು. ಮುಂದಿದ್ದವನು ದಳಪತಿ ಸೆನೋರಿಕ್ಸ್. ಉದ್ದ ಮೀಸೆ, ಕೊರಳಲ್ಲಿ ಕಂಚಿನ ಹುರಿಬಳೆ, ಮೇಲೆ ರೋಮಿನ ಸರಪಳಿ ಅಂಗಿ. ಅವನೂ ಅವನ ಆಳುಗಳೂ ಕಡಲಾಚೆಯ ಗಾಲ್ ನಾಡಿನವರು. ಮಾತು ಇವರದೇ, ಆದರೆ ಬಾಯಲ್ಲಿ ಬಿಸಿ ಗಂಜಿ ಇಟ್ಟುಕೊಂಡು ಆಡಿದ ಹಾಗೆ. ಅವರ ತಾತಂದಿರು ರೋಮಿನವರ ಜತೆ ಕಾದಾಡಿ ಸತ್ತಿದ್ದರು, ಮೊಮ್ಮಕ್ಕಳು ರೋಮಿನ ಸಂಬಳಕ್ಕೆ ಸೇರಿದ್ದರು. ಅವರ ನಡುವೆ ಒಬ್ಬನೇ ಒಬ್ಬ ಅಸಲಿ ರೋಮಿನವನಿದ್ದ, ವಿಬಿಯಸ್ ಅಂತ. ನುಣ್ಣಗೆ ಬೋಳಿಸಿದ ಗಲ್ಲದ ಚಿಕ್ಕ ವಯಸ್ಸಿನ ಅಧಿಕಾರಿ. ಮನೆಯ ಹೊಗೆ ಮೂಗಿಗೆ ಬಡಿದಾಗಲೇ ಅವನು ಮುಖ ಸಿಂಡರಿಸಿದ.

ಅಜ್ಜಿ ಬಾಗಿಲಲ್ಲಿ ನಿಂತಿದ್ದಳು. ಒಂದು ಕೈಯಲ್ಲಿ ಬಾರ್ಲಿ ರೊಟ್ಟಿ, ಇನ್ನೊಂದರಲ್ಲಿ ಹೆಂಡದ ಬಟ್ಟಲು.

"ದೂರದಿಂದ ಬಂದಿದೀರ. ಕತ್ತಿ ಬಾಗಿಲ ಗೂಟಕ್ಕೆ ತಗುಲಿಸಿ, ಒಳಗೆ ಬನ್ನಿ. ಕೊಪ್ಪರಿಗೆ ಕುದೀತಾ ಇದೆ."

ಇಬ್ಬರು ಸವಾರರು ಆಗಲೇ ಒಳಗೆ ತಲೆ ಹಾಕಿ ನೋಡಿ ಬಂದಿದ್ದರು. ಒಂದೇ ಕೋಣೆಯ ದುಂಡು ಮನೆ, ನಡುವೆ ಒಲೆ, ಗೋಡೆಗೆ ಒರಗಿಸಿದ ಉಪ್ಪು ಕಾಯಿಸುವ ಮಣ್ಣುತಟ್ಟೆಗಳು. ಅಡಗಲು ಇಲಿಗೂ ಜಾಗವಿರಲಿಲ್ಲ. ವಿಬಿಯಸ್ ತನ್ನ ಭಾಷೆಯಲ್ಲಿ ಏನೋ ಗದರಿದ.

ಸೆನೋರಿಕ್ಸ್ ಗಂಟಲು ಸರಿಮಾಡಿಕೊಂಡ. "ಇವ್ರು ಕೇಳ್ತಿರೋದು..."

"ಏನು ಕೇಳ್ತಿದಾನೋ ನಂಗೆ ಬೇಡ," ಅಜ್ಜಿ ಅಂದಳು. "ನಾನು ನಿನ್ನ ಹೆಸರು ಕೇಳಿದ್ನಾ? ಯಾಕೆ ಬಂದೆ ಅಂತ ಕೇಳಿದ್ನಾ? ಹಸಿದ ಬಾಯಿ ಕೇಳೋ ಪ್ರಶ್ನೆಗೆ ಈ ಮನೇಲಿ ಯಾವತ್ತೂ ಉತ್ತರ ಕೊಟ್ಟಿಲ್ಲ. ನಿಮ್ಮೂರಲ್ಲಿ ಬೇರೆ ಥರಾನೋ?"

ಸವಾರರು ತಮ್ಮ ತಮ್ಮಲ್ಲೇ ಮುಖ ನೋಡಿಕೊಂಡರು. ಅವರ ಊರಲ್ಲೂ ಬೇರೆ ಥರ ಇರಲಿಲ್ಲ. ಬಾಗಿಲಿಗೆ ಬಂದವನು ಮೊದಲು ಉಣ್ಣಬೇಕು, ಆಮೇಲೆ ಹೆಸರು, ಆಮೇಲೆ ಬಂದ ಕೆಲಸ. ಎತ್ತಿ ಹಿಡಿದ ಬಟ್ಟಲನ್ನು ತಳ್ಳಿ ಮಾತಿಗಿಳಿದವನ ಪಕ್ಕದಲ್ಲಿ ಯುದ್ಧದ ದಿನ ಯಾರೂ ಕುದುರೆ ನಿಲ್ಲಿಸುವುದಿಲ್ಲ. ಜತೆಗೆ ಬಾಗಿಲಿನಿಂದ ಹಂದಿಮಾಂಸದ ವಾಸನೆ ಬರುತ್ತಿತ್ತು, ರಾತ್ರಿಯಿಡೀ ಅವರ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ.

"ಬೇಗ ಉಂಡು ಮುಗಿಸ್ತೀವಿ," ಅಂದ ಸೆನೋರಿಕ್ಸ್, ವಿಬಿಯಸ್‌ನ ಕಡೆ ನೋಡದೆ. ಕತ್ತಿ ಬಿಚ್ಚಿ ಗೂಟಕ್ಕೆ ತಗುಲಿಸಿದ.

"ಬೇಗ ಉಂಡ್ರೆ ಹೊಟ್ಟೆನೋವು ಬರುತ್ತೆ," ಅಂದಳು ಅಜ್ಜಿ.

ವಿಬಿಯಸ್ ಒಳಗೆ ಬಂದನಾದರೂ ರೊಟ್ಟಿ ಮುಟ್ಟಲಿಲ್ಲ. ಸೊಂಟದ ತೊಗಲುಚೀಲದಿಂದ ತನ್ನದೇ ಹುಳಿ ಮದ್ಯ ಕುಡಿಯುತ್ತಾ ನಿಂತೇ ಇದ್ದ. ಅಜ್ಜಿ ಅದನ್ನು ನೋಡಿದಳು. ಬ್ರಿಕಾ ಅಜ್ಜಿ ನೋಡಿದ್ದನ್ನು ನೋಡಿದಳು.

ಅಜ್ಜಿಗೆ ಅಷ್ಟು ನಿಧಾನವಾಗಿ ಬಡಿಸಲು ಬರುತ್ತದೆಂದು ಬ್ರಿಕಾಳಿಗೆ ಗೊತ್ತಿರಲಿಲ್ಲ. ಮೊದಲು ಬೆಣ್ಣೆ, ಆಮೇಲೆ ಗಿಣ್ಣು. ಹೊಗೆ ಹಿಡಿಸಿದ ಹಾವುಮೀನನ್ನು ಒಂದೊಂದಾಗಿ ತೊಗಲು ಸುಲಿದು ಇಟ್ಟಳು. ಪ್ರತಿ ಮೀನಿಗೂ ಅದು ಯಾವ ಬೇಲಿಯಲ್ಲಿ ಸಿಕ್ಕಿತು ಅನ್ನುವ ಕಥೆಯಿತ್ತು. ಸವಾರರು ನೆಲಕ್ಕೆ ಹಾಸಿದ್ದ ಹುಲ್ಲಿನ ಮೇಲೆ ಸುತ್ತ ಕೂತು, ಮೊಣಕಾಲೆತ್ತರದ ಮಣೆಗಳನ್ನು ಎಳೆದುಕೊಂಡು, ಎರಡೂ ಕೈಯಲ್ಲಿ ತಿನ್ನುತ್ತಿದ್ದರು. ಮೀಸೆಯ ತುಂಬ ಜಿಡ್ಡು.

"ಏನೇ ಕೆಂಪಿ," ಬಾಗಿಲ ಹತ್ತಿರ ಕೂತಿದ್ದ ಮುದುಕ ಸವಾರ ಬ್ರಿಕಾಳನ್ನು ಕರೆದ. ಅವನ ಹೆಸರು ಅಟೆಪೊ, ಮುಂದಿನ ಹಲ್ಲುಗಳಿರಲಿಲ್ಲ, ಕಿವಿಯಿಂದ ಗಲ್ಲದವರೆಗೆ ಹಳೆಯ ಗಾಯದ ಗೆರೆ. "ಮುಖದ ಮೇಲೆ ತವುಡು ಎರಚಿದ್ದು ಯಾರು?"

"ನಿಮ್ಮ ಹಲ್ಲು ಕಿತ್ತೋರೇ," ಬ್ರಿಕಾ ಬಾಯಿ ತಪ್ಪಿ ಅಂದುಬಿಟ್ಟಳು.

ಎಲ್ಲರೂ ಗೊಳ್ಳೆಂದರು. ಅಟೆಪೊ ಎಲ್ಲರಿಗಿಂತ ಜೋರಾಗಿ. ತನ್ನ ಮಣೆಯಿಂದ ಗರಿಗರಿ ತೊಗಲಿನ ತುಂಡನ್ನು ಎತ್ತಿ ಅವಳ ಕೈಗಿಟ್ಟ. "ತಿನ್ನು. ಬಡಿಸೋರು ಹಸ್ಕೊಂಡಿದ್ರೆ ಉಣ್ಣೋರಿಗೆ ಅರಗಲ್ಲ."

ಅವಳು ತಿಂದಳು.

ಹೆಂಡ ತರುವ ನೆಪದಲ್ಲಿ ಅಂಗಳಕ್ಕೆ ಬಂದು ಗೂಡಿನ ಪಕ್ಕ ನಿಂತು ನೋಡಿದಳು. ಬುರುಡೆ ಒಣಗಿ ಬೆಳ್ಳಗೆ ನಿಂತಿತ್ತು. ಅದರ ಹಿಂದೆ ಬಯಲಿನ ನಡುವೆ ಒಂದು ಕಪ್ಪು ಚುಕ್ಕೆ. ಅವ್ವ. ಚುಕ್ಕೆ ಅಲುಗುತ್ತಿರಲಿಲ್ಲ. ಬ್ರಿಕಾ ಕಣ್ಣು ಕಿರಿದು ಮಾಡಿ ನೋಡಿದಳು. ಜಾರುಹಲಗೆ ಕಡ್ಡಿಹಾಸಿನಿಂದ ಜಾರಿ ಕೆಸರಿಗೆ ಸಿಕ್ಕಿಕೊಂಡಿರಬೇಕು. ಕೆಸರು ಒಮ್ಮೆ ಹಿಡಿದರೆ ಸುಲಭಕ್ಕೆ ಬಿಡುವುದಿಲ್ಲ. ಚುಕ್ಕೆ ಬಗ್ಗಿತು, ಎದ್ದಿತು, ಮತ್ತೆ ಬಗ್ಗಿತು.

ಒಳಗೆ ಬಂದಾಗ ಅಜ್ಜಿ ಹುಬ್ಬಿನಲ್ಲೇ ಕೇಳಿದಳು. ಬ್ರಿಕಾ ತಲೆ ಅಲ್ಲಾಡಿಸಿದಳು. ಇನ್ನೂ ಇಲ್ಲ.

ಒಳಗೆ ಜಗಳದ ರುಚಿಯ ಮಾತು ಶುರುವಾಗಿತ್ತು. ಡ್ರುಟೊ ಎಂಬ ಹೊಂಬಣ್ಣದ ಜಡೆಯ ಯುವಕ ಎದೆ ತಟ್ಟಿಕೊಂಡು ಹೊಳೆ ದಾಟುವ ಬಿಳಿಗಲ್ಲಿನ ಕಡವಿನ ಕಾಳಗದ ಕಥೆ ಹೇಳುತ್ತಿದ್ದ. ಅಲ್ಲಿ ಬೆಟ್ಟದವರ ನಾಯಕನ ತಲೆ ಕಡಿದವನು ತಾನೇ. ಈಗ ಆ ತಲೆ ತನ್ನ ಕುದುರೆಯ ಲಾಯದ ಮೇಲೆ ತೂಗುತ್ತಿದೆ.

"ತೂಗ್ತಿರೋದು ನಿಜ," ಅಟೆಪೊ ಮೂಳೆ ಚೀಪುತ್ತಾ ಅಂದ. "ಕುದುರೆಯಿಂದ ಕೆಡವಿದ್ದು ಯಾರು ಅಂತಾನೂ ಹೇಳಪ್ಪ ಮಗು. ನಾನು ಮುರುಕು ಕತ್ತೀಲಿ ಅವನ್ನ ಕೆಡವಿದೆ. ನೀನು ಬಿದ್ದವನ ಕತ್ತು ಕುಯ್ದೆ. ಕೋಳಿ ಕುಯ್ಯೋ ಹೆಂಗಸೂ ಅಷ್ಟು ಮಾಡ್ತಾಳೆ."

"ನಾಲಿಗೆ ಹಿಡ್ಕೊ ಮುದುಕ."

"ಹಲ್ಲೇ ಇಲ್ಲ, ನಾಲಿಗೆ ಯಾವುದ್ರಲ್ಲಿ ಹಿಡ್ಕೊಳ್ಲಿ?"

ಮತ್ತೆ ನಗು. ಡ್ರುಟೊ ನಗಲಿಲ್ಲ. "ಸಾಕು," ಅಂದ ಸೆನೋರಿಕ್ಸ್, ಇಬ್ಬರಿಗೂ. ಈ ಮಾತು ಇವರ ನಡುವೆ ಹಳೆಯದು, ಹಲವು ಸಲ ಹೀಗೇ ಅರ್ಧಕ್ಕೆ ನಿಲ್ಲಿಸಿದ್ದು ಅಂತ ಅವನ ದನಿಯಲ್ಲೇ ಗೊತ್ತಾಗುತ್ತಿತ್ತು.

ಅಷ್ಟರಲ್ಲಿ ವಿಬಿಯಸ್‌ಗೆ ತಾಳ್ಮೆ ಕೆಟ್ಟಿತು. ತೊಗಲುಚೀಲದ ಬಿರಡೆ ಒತ್ತಿ, ಒಂದು ಮಾತೂ ಆಡದೆ ಬಾಗಿಲಿನಿಂದ ಹೊರಗೆ ಹೊರಟ. ಅವನು ಅಂಗಳದ ನಡುವೆ ನಿಂತು ಅತ್ತಿತ್ತ ನೋಡಿ, ಉಚ್ಚೆ ಹೊಯ್ಯಲು ಜೊಂಡಿನ ಸಂದಿಯ ಕಡೆಗೇ ನಡೆಯತೊಡಗಿದ. ಇನ್ನು ಸ್ವಲ್ಪ ದೂರ ಹೋದರೆ ಬಯಲು ಕಾಣುತ್ತದೆ.

ಹೆಂಡದ ಗಡಿಗೆ ಹಿಡಿದು ಅವಳು ಹಿಂದೆ ಓಡಿದಳು. ಕರೆಯಲು ಅವನ ಭಾಷೆ ಬರದು. ಯೋಚಿಸಲು ಹೊತ್ತಿರಲಿಲ್ಲ, ಹೆಬ್ಬಾತುಗಳ ಗೂಡಿನ ಅಗಳಿ ಎಳೆದುಬಿಟ್ಟಳು.

ಅವು ಹೋಗಿದ್ದು ನೇರ ಅವನ ಮೇಲೆ. ಮೊಟ್ಟೆಯಿಟ್ಟ ಕಾಲ, ಅಪರಿಚಿತ ಮನುಷ್ಯ, ಬೆತ್ತಲೆ ಮೊಣಕಾಲು. ದೊಡ್ಡ ಗಂಡು ಅವನ ತೊಡೆ ಕಚ್ಚಿ ರೆಕ್ಕೆ ಬಡಿಯಿತು. ವಿಬಿಯಸ್ ಬಟ್ಟೆ ಎತ್ತಿ ಹಿಡಿದವನು ಹಾಗೇ ಕೂಗಿಕೊಂಡು ಬಾಗಿಲ ಕಡೆ ಓಡಿ ಬಂದ. ಒಳಗಿದ್ದವರು ನಗು ತಡೆಯಲು ಹೋಗಿ ಕೆಮ್ಮಿದರು. ಒಬ್ಬನ ಮೂಗಿನಿಂದ ಹೆಂಡ ಬಂತು.

ವಿಬಿಯಸ್ ಕೆಂಪಗಾಗಿ ಏನೋ ಒದರಿದ. ಸೆನೋರಿಕ್ಸ್ ಗಂಭೀರವಾಗಿ ಭಾಷಾಂತರಿಸಿದ. "ಆ ಹಕ್ಕಿ ಕುಯ್ದು ಬೇಯಿಸ್ಬೇಕಂತೆ."

"ಹೆಬ್ಬಾತು ತಿನ್ನೋದು ನಮ್ಮಲ್ಲಿಲ್ಲ ಅಂತ ಹೇಳು," ಅಂದಳು ಅಜ್ಜಿ. "ಮೊಲಾನೂ ತಿನ್ನಲ್ಲ. ಕಚ್ಚಿಸ್ಕೊಂಡ ಜಾಗಕ್ಕೆ ಬೇಕಾದ್ರೆ ಬೆಣ್ಣೆ ಕೊಡ್ತೀನಿ."

ಈ ಸಲ ಸೆನೋರಿಕ್ಸ್ ಭಾಷಾಂತರಿಸಲಿಲ್ಲ. ಆದರೆ ನಗುವಿನ ನಡುವೆ ಅವನು ಎಚ್ಚರಗೊಂಡಿದ್ದ. ಬ್ರಿಕಾಳ ಕಡೆ ನೋಡಿದ, ತೆರೆದ ಗೂಡಿನ ಕಡೆ ನೋಡಿದ. ಬಾಯಿ ಒರೆಸಿಕೊಂಡು ಚಾಕುವನ್ನು ಮಣೆಯ ಮೇಲೆ ಅಡ್ಡ ಇಟ್ಟ. ಚಾಕು ಅಡ್ಡ ಇಟ್ಟರೆ ಊಟ ಮುಗಿಯಿತು ಅಂತ.

"ತುಂಬಿತು ತಾಯೀ. ಈಗ..."

"ಈಗ ಏನು? ತೊಡೆ ಇನ್ನೂ ಕೊಪ್ಪರಿಗೇಲೇ ಇದೆ. ತೊಡೆ ಕೊಡದೆ ಊಟ ಮುಗಿಸೋಕೆ ನಮ್ಮನ್ನ ಯಾರು ಅಂದ್ಕೊಂಡೆ? ಭಿಕಾರಿಗಳು ಅಂತಾನಾ?"

ಅಜ್ಜಿ ಕೊಕ್ಕೆಯಲ್ಲಿ ಹಂದಿಯ ಹಿಂದಿನ ತೊಡೆಯನ್ನು ಎತ್ತಿದಳು. ಆವಿಯಾಡುವ ಇಡೀ ತೊಡೆ, ಮೂಳೆ ಸಮೇತ. ಗುಂಪಿನಲ್ಲಿ ಎಲ್ಲರಿಗಿಂತ ಗಟ್ಟಿಗನಿಗೆ ಸಲ್ಲುವ ಪಾಲು ಅದು. ಅದನ್ನು ಕೊಂಡೊಯ್ದು ಇಡಬೇಕಾದ್ದು ಮನೆಯ ಕಿರಿಯ ಕೈ. ಅಜ್ಜಿ ಮರದ ತಟ್ಟೆಗೆ ತೊಡೆ ಇಳಿಸುವಾಗ ಬ್ರಿಕಾ ಮತ್ತೊಮ್ಮೆ ಬಾಗಿಲಿಗೆ ಹೋಗಿ ಬಂದಳು. ಬಾಗುಕೊಕ್ಕಿನ ಹಕ್ಕಿಗಳು ಕೂಗುತ್ತಾ ಒಳನಾಡಿನ ಕಡೆ ಹಾರುತ್ತಿದ್ದವು. ನೀರು ಬರುತ್ತಿತ್ತು. ಬುರುಡೆಯ ಗೂಟದ ಬುಡ ಒದ್ದೆಯಾಗಿತ್ತು, ಅಷ್ಟೇ. ಕಪ್ಪು ಚುಕ್ಕೆ ಹೊರಟಿತ್ತು, ಆದರೆ ದಿಬ್ಬ ಇನ್ನೂ ದೂರವಿತ್ತು. ಒಳ್ಳೆಯ ಕುದುರೆ ಈಗ ಬಿಟ್ಟರೆ ಹಿಡಿಯುತ್ತದೆ.

"ದಳಪತಿಗೆ ಕೊಡು," ಅಜ್ಜಿ ಪಿಸುಗುಟ್ಟಿದಳು. ತಟ್ಟೆಯನ್ನು ಅವಳ ಕೈಗಿಟ್ಟಳು. "ಅವನು ನಾಲ್ಕು ಮಾತಾಡ್ತಾನೆ, ಹಂಚ್ತಾನೆ. ಅಷ್ಟು ಹೊತ್ತಾದ್ರೂ ಸಿಗುತ್ತೆ."

ಅಷ್ಟು ಹೊತ್ತು ಸಾಲದು ಅಂತ ಬ್ರಿಕಾಳಿಗೆ ಗೊತ್ತಿತ್ತು. ಬುರುಡೆ ನೋಡಿದ್ದು ಅವಳು, ಅಜ್ಜಿಯಲ್ಲ.

ತಟ್ಟೆ ಹೊತ್ತು ನಡೆದಳು. ಕಳೆದ ಚಳಿಗಾಲದಲ್ಲಿ ಮಾವನ ಮನೆಯ ಹಬ್ಬದ ದಿನ ಇದೇ ಪಾಲಿಗೆ ಇಬ್ಬರು ಎದ್ದು ಹೊಡೆದಾಡಿದ್ದರು. ಒಬ್ಬನ ಕಿವಿ ಹೋಯಿತು. ಆಮೇಲೆ ಇಬ್ಬರೂ ಒಂದೇ ಬಟ್ಟಲಲ್ಲಿ ಕುಡಿದರು. ಕಿವಿ ತಾನೇ, ಅಂದುಕೊಂಡಳು.

ಸೆನೋರಿಕ್ಸ್ ಕೈ ಮುಂದೆ ಚಾಚಿದ್ದ. ಅವಳು ಅವನನ್ನು ದಾಟಿದಳು. ಅಟೆಪೊನನ್ನೂ ದಾಟಿದಳು. ತಟ್ಟೆಯನ್ನು ಡ್ರುಟೊನ ಮಣೆಯ ಮೇಲೆ ಇಟ್ಟಳು.

ಚೀಪುತ್ತಿದ್ದ ಬಾಯಿಗಳೆಲ್ಲ ನಿಂತವು. ಡ್ರುಟೊನ ಮುಖ ಮೊದಲು ಬೆರಗಾಯಿತು, ಆಮೇಲೆ ಅರಳಿತು.

"ನೋಡಿದ್ರಾ?" ಅಂದ. "ಈ ಊರಿನ ಮಕ್ಕಳಿಗೂ ಗೊತ್ತು."

"ಕೂಸು, ತಪ್ಪು ಮಾಡ್ತು," ಸೆನೋರಿಕ್ಸ್ ಥಟ್ಟನೆ ಅಂದ. "ತೆಗಿಯೇ ಅದನ್ನ."

"ಇಟ್ಟ ತೊಡೆ ಇಟ್ಟ ಕೈ ತೆಗೆಯೋ ಹಾಗಿಲ್ಲ," ಅಂದಳು ಬ್ರಿಕಾ. "ನಿಮ್ಮಲ್ಲೂ ಹಾಗೇ ಅಲ್ವಾ?"

ಅಟೆಪೊ ಕೈ ಒರೆಸಿಕೊಂಡು ಎದ್ದ. ಅವನಿಗೆ ಸಿಟ್ಟು ಬಂದ ಹಾಗೆ ಕಾಣಲಿಲ್ಲ. ಬೇಸರ ಬಂದ ಹಾಗೆ ಕಾಣುತ್ತಿತ್ತು. "ಏಳಪ್ಪ ಡ್ರುಟೊ. ಬಿಳಿಗಲ್ಲಿನ ಕಡವಿನ ಲೆಕ್ಕ ಇವತ್ತು ಮುಗಿಸ್ಬಿಡೋಣ."

"ಕೂತ್ಕೋ ಅಟೆಪೊ!" ಸೆನೋರಿಕ್ಸ್ ಗುಡುಗಿದ.

"'ತೊಡೆ ನಂದು' ಅಂತ ನೀನು ಹೇಳು, ಕೂತ್ಕೊತೀನಿ. ಆಗ ನೀನು ಇವನ ಜೊತೆ ಆಡು. ಹೇಳ್ತೀಯಾ?"

ಸೆನೋರಿಕ್ಸ್ ಡ್ರುಟೊನ ಕಡೆ, ತೊಡೆಯ ಕಡೆ ನೋಡಿದ. ತನ್ನದು ಅಂದರೆ ತನ್ನ ಆಳಿನ ಜತೆ ತಾನೇ ಕತ್ತಿ ಹಿಡಿಯಬೇಕು. ಅನ್ನದೆ ತಡೆದರೆ ನಾಳೆಯಿಂದ ಅವನ ಮಾತಿಗೆ ಕಿಲುಬು ಕಾಸಿನ ಬೆಲೆಯಿಲ್ಲ. ವಿಬಿಯಸ್ ಏನಾಗುತ್ತಿದೆ ಎಂದು ಕೇಳುತ್ತಲೇ ಇದ್ದ, ಯಾರೂ ಅವನಿಗೆ ಹೇಳಲಿಲ್ಲ. ಇಬ್ಬರೂ ಗೂಟದಿಂದ ಕತ್ತಿ, ಗುರಾಣಿ ತೆಗೆದುಕೊಂಡು ಅಂಗಳಕ್ಕೆ ಹೋದರು. ಉಳಿದವರೆಲ್ಲ ಹಿಂದೆಯೇ ಹೋಗಿ ಸುತ್ತು ಕಟ್ಟಿ ನಿಂತರು.

ಬ್ರಿಕಾ ಗೂಡಿನ ಪಕ್ಕ ನಿಂತಳು. ಎಲ್ಲರ ಬೆನ್ನು ಜೊಂಡಿನ ಕಡೆಗಿತ್ತು. ಅವಳೊಬ್ಬಳಿಗೇ ಎರಡೂ ಕಾಣುತ್ತಿತ್ತು. ಹತ್ತಿರದಲ್ಲಿ ಕತ್ತಿಗಳು, ದೂರದಲ್ಲಿ ನೀರು. ಅಳಿವೆಯ ನೀರು ಅಲೆಯಾಗಿ ಬರುವುದಿಲ್ಲ. ಹಾಸಿದ ಕಂಬಳಿಯನ್ನು ಯಾರೋ ಎಳೆದ ಹಾಗೆ, ಸದ್ದಿಲ್ಲದೆ, ಓಡುವ ನಾಯಿಯ ವೇಗದಲ್ಲಿ ಬರುತ್ತದೆ. ಗೂಟದ ಅರ್ಧಕ್ಕೆ ಬಂದಿತ್ತು. ಕಪ್ಪು ಚುಕ್ಕೆ ದಿಬ್ಬದ ಬುಡದ ಕಲ್ಲುಗಳ ಹತ್ತಿರವಿತ್ತು.

ಮುದುಕ ಚೆನ್ನಾಗಿ ಆಡಿದ. ಹೆಜ್ಜೆ ಕಡಿಮೆ, ಕೈ ಚುರುಕು. ಡ್ರುಟೊನ ತೋಳಿನಲ್ಲಿ ಗೆರೆ ಎಳೆದ, ಗುರಾಣಿ ಬೀಳಿಸಿದ. "ಸಾಕಾ ಮಗು?" ಅಂತಲೂ ಕೇಳಿದ. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಅಂಗಳದಲ್ಲಿ ಬೂದಿ ಇತ್ತು, ಬೂದಿಯ ಕೆಳಗೆ ಹಸಿ ರಕ್ತ ಇತ್ತು. ಅಟೆಪೊನ ಕಾಲು ಜಾರಿತು. ಡ್ರುಟೊ ಹೆದರಿ ಬೀಸಿದ ಕತ್ತಿ ಅವನ ಹೊಟ್ಟೆಗೆ ಹೋಯಿತು.

ಡ್ರುಟೊ ಕತ್ತಿ ಬಿಟ್ಟು ಹಿಂದೆ ಸರಿದ. ಅಟೆಪೊ ನಾಲ್ಕು ಹೆಜ್ಜೆ ನಡೆದು ಹೆಬ್ಬಾತುಗಳ ಗೂಡಿಗೆ ಬೆನ್ನು ಕೊಟ್ಟು ಕೂತ. ಹೊಟ್ಟೆಯ ಮೇಲೆ ಎರಡೂ ಕೈ ಒತ್ತಿ ಹಿಡಿದಿದ್ದ. ಬೆರಳ ಸಂದಿಯಿಂದ ರಕ್ತ ಬರುತ್ತಲೇ ಇತ್ತು.

"ಕೆಂಪೀ, ನೀರು."

ಅವಳು ತಂದಳು. ಬಟ್ಟಲು ಅವನ ಬಾಯಿಗೆ ಹಿಡಿದಳು. ಅವನ ಕಣ್ಣು ಅವಳ ಭುಜದ ಆಚೆ, ಜೊಂಡಿನ ಸಂದಿಯಲ್ಲಿ ನೆಟ್ಟಿತು. ಕೂತಲ್ಲಿಂದ ಅವನಿಗೆ ನೀರು ಕಾಣುತ್ತಿತ್ತು. ನೀರಿನಾಚೆ ದಿಬ್ಬ, ದಿಬ್ಬದ ಮೇಲೆ ಏನನ್ನೋ ಎಳೆಯುತ್ತಿದ್ದ ಒಂದು ಆಕೃತಿ. ಅವನು ಬಹಳ ಹೊತ್ತು ನೋಡಿದ.

"ಬೇಕಂತಲೇ ಇಟ್ಯಾ?" ಮೆಲ್ಲಗೆ ಕೇಳಿದ. "ತೊಡೆ?"

ಬ್ರಿಕಾಳಿಗೆ ಸುಳ್ಳು ಬಾಯಿಗೆ ಬರಲಿಲ್ಲ. "ಹೂಂ. ಕಿವಿ ಹೋಗುತ್ತೆ ಅಂದ್ಕೊಂಡಿದ್ದೆ."

ಅವನು ನಕ್ಕ. ನಗು ಅರ್ಧಕ್ಕೆ ನೋವಾಯಿತು. "ಕಿವಿಯಂತೆ. ಥೂ." ಇನ್ನೊಂದು ಗುಟುಕು ಕುಡಿದ. "ಅಲ್ಲಿರೋದು ಯಾರು?"

"ಅವ್ವ. ಅಣ್ಣ."

ಅವನು ಕೂಗಬಹುದಿತ್ತು. ಸೆನೋರಿಕ್ಸ್ ಕೂಗಳತೆಯಲ್ಲೇ ಇದ್ದ. ಬ್ರಿಕಾ ಬಟ್ಟಲು ಹಿಡಿದು ಕಾದಳು. ಬುರುಡೆಯ ದವಡೆ ನೀರಿಗೆ ತಾಗಿತು. ಅಟೆಪೊ ಕಣ್ಣು ಮುಚ್ಚಿ ತಲೆಯನ್ನು ಗೂಡಿಗೆ ಒರಗಿಸಿದ. ಆಮೇಲೆ ತೆರೆಯಲಿಲ್ಲ. ಕ್ಷಮಿಸಿದನೋ, ದಣಿದನೋ, ಅವಳಿಗೆ ತಿಳಿಯಲಿಲ್ಲ.

ಸೆನೋರಿಕ್ಸ್ ಬಂದು ಅವನ ಕತ್ತು ಮುಟ್ಟಿ ನೋಡಿದ. ಎದ್ದು ನೇರ ಅಜ್ಜಿಯ ಮುಂದೆ ಹೋಗಿ ನಿಂತ.

"ಊಟ ಆಯ್ತು. ಈಗ ಕೇಳ್ತೀನಿ."

"ಕೇಳು."

"ತೊಡೆಗೆ ಈಟಿ ಬಿದ್ದೋನು ಒಬ್ಬ ಈ ಕಡೆ ಬಂದ. ಎಲ್ಲಿ?"

ಉಂಡವನು ಕೇಳಿದರೆ ಬಡಿಸಿದವರು ಸುಳ್ಳು ಹೇಳುವಂತಿಲ್ಲ. ಅಜ್ಜಿ ಕೈಯೆತ್ತಿ ಜೊಂಡಿನ ಸಂದಿಯ ಕಡೆ ತೋರಿಸಿದಳು. "ಅಲ್ಲಿ. ನನ್ನ ಮೊಮ್ಮಗ. ಎಳ್ಕೊಂಡು ಹೋಗಿದ್ದು ಅವನ ತಾಯಿ."

ಸೆನೋರಿಕ್ಸ್ ಓಡಿದ. ಎಲ್ಲರೂ ಓಡಿದರು. ದಡದಲ್ಲಿ ನಿಂತು ನೋಡಿದರೆ ಎಲ್ಲೆಲ್ಲೂ ಕಂದು ನೀರು, ಸುಳಿಸುಳಿಯಾಗಿ ಒಳನುಗ್ಗುತ್ತಿತ್ತು. ಬುರುಡೆಯ ಕೊಂಬುಗಳ ತುದಿ ಮಾತ್ರ ಕಾಣುತ್ತಿತ್ತು, ನೋಡುತ್ತಿದ್ದಂತೆ ಅದೂ ಹೋಯಿತು. ದಿಬ್ಬದ ಆಚೆ ಪಕ್ಕದಿಂದ ತೊಗಲಿನ ದೋಣಿಯೊಂದು ಮೂತಿ ತೋರಿಸಿತು.

ವಿಬಿಯಸ್‌ಗೆ ಯಾರೂ ಭಾಷಾಂತರ ಮಾಡಬೇಕಾಗಲಿಲ್ಲ. ಅವನು ತಿರುಗಿ ಬಂದು ತನ್ನ ಬೆತ್ತದ ಕೋಲಿನಿಂದ ಅಜ್ಜಿಯ ಹೆಗಲಿಗೆ ಬೀಸಿ ಹೊಡೆದ. ಮೂಳೆ ಮುರಿದ ಸದ್ದು ಅಂಗಳಕ್ಕೆಲ್ಲ ಕೇಳಿಸಿತು. ಅಜ್ಜಿ ಕೂತುಬಿಟ್ಟಳು. ಬ್ರಿಕಾ ಅವನ ಮೇಲೆ ಬಿದ್ದಳು, ಕೈ ಕಚ್ಚಿದಳು. ಅವನು ಝಾಡಿಸಿ ಒದ್ದು, ಸವಾರರಿಗೆ ಕೈ ಮಾಡಿ ಏನೋ ಅಪ್ಪಣೆ ಕೊಟ್ಟ. ಯಾರೂ ಕದಲಲಿಲ್ಲ. ಮತ್ತೆ ಅಪ್ಪಣೆ ಕೊಟ್ಟ, ದನಿ ಕೀರಲಾಯಿತು.

ಸೆನೋರಿಕ್ಸ್ ಅವನ ಭಾಷೆಯಲ್ಲಿ ಚುಟುಕಾಗಿ ಏನೋ ಹೇಳಿದ. ಆಮೇಲೆ ಅದನ್ನೇ ಅಜ್ಜಿಗೂ ಹೇಳಿದ. "ಉಂಡ ಮನೆ ಮೇಲೆ ಇವತ್ತು ನಾವು ಕೈ ಎತ್ತಲ್ಲ. ನಾಳೆ ನಮ್ಮ ಹೊಟ್ಟೇಲಿ ನಿಮ್ಮ ಊಟ ಇರಲ್ಲ. ತಿಳ್ಕೊ."

"ತಿಳೀತು," ಅಂದಳು ಅಜ್ಜಿ, ಹೆಗಲು ಹಿಡಿದುಕೊಂಡು.

"ನನ್ನಲ್ಲಿದ್ದ ಒಳ್ಳೇ ಮನುಷ್ಯನ್ನ ಕೊಂದ್ರಿ ನೀವು."

"ನನ್ನ ಕೊಪ್ಪರಿಗೆ ಊಟ ಯಾರಿಗೆ ಅಂತ ಬೇಯಿಸಿದ್ದು ಗೊತ್ತಾ ನಿಂಗೆ?" ಅಜ್ಜಿ ತಲೆಯೆತ್ತಿ ಅವನನ್ನು ನೋಡಿದಳು. "ಅವ್ರೂ ಒಳ್ಳೇ ಹುಡುಗ್ರೇ."

ಅವನು ತಿರುಗಿ ಅಟೆಪೊನ ಕುದುರೆ ತರಲು ಹೋದ.

ಮನೆಯ ಊಟ ಉಣ್ಣದವನು ವಿಬಿಯಸ್ ಒಬ್ಬನೇ, ಹಾಗಾಗಿ ಮಾಡಿಗೆ ಬೆಂಕಿ ಇಡಲು ಅವನೊಬ್ಬನೇ ಹೊರಟ. ಒಲೆಯಿಂದ ಕೊಳ್ಳಿ ತಂದ. ಜೊಂಡಿನ ಮಾಡು ಸಮುದ್ರದ ತೇವ ಕುಡಿದು ನೆಂದಿತ್ತು, ಹೊಗೆ ಬಂತೇ ಹೊರತು ಉರಿ ಹತ್ತಲಿಲ್ಲ. ಸವಾರರು ಅಟೆಪೊನನ್ನು ಕುದುರೆಯ ಮೇಲೆ ಅಡ್ಡ ಹಾಕಿ ಕಟ್ಟುತ್ತಿದ್ದರು. ಒಬ್ಬರೂ ಅವನ ಸಹಾಯಕ್ಕೆ ಹೋಗಲಿಲ್ಲ. ಕಣ್ಣಲ್ಲಿ ನೀರು ಸುರಿಸಿಕೊಂಡು, ಕೆಮ್ಮಿಕೊಂಡು, ಕೊನೆಗೂ ಅವನು ಒಂದು ಮೂಲೆ ಹೊತ್ತಿಸಿದ. ಹೋಗುವಾಗ ಕೊಟ್ಟಿಗೆಯ ಕುರಿಗಳನ್ನು ಹೊಡೆದುಕೊಂಡು ಹೋದ, ತಾನೇ, ಹಿಂದಿನಿಂದ ಹುರ್ರ ಹುರ್ರ ಅನ್ನುತ್ತಾ. ಡ್ರುಟೊ ಎಲ್ಲರಿಗಿಂತ ಹಿಂದೆ, ಕುದುರೆ ಹತ್ತದೆ, ಸತ್ತವನ ಕುದುರೆಯ ಲಗಾಮು ಹಿಡಿದು ನಡೆದ.

ಬ್ರಿಕಾ ಗಡಿಗೆಯಲ್ಲಿ ಉಳಿದಿದ್ದ ಹೆಂಡವನ್ನೆಲ್ಲ ಬೆಂಕಿಗೆ ಎರಚಿದಳು, ಆಮೇಲೆ ಉಪ್ಪುನೀರು. ಮಾಡಿನ ಅರ್ಧ ಹೋಯಿತು, ಅರ್ಧ ಉಳಿಯಿತು. ಉಳಿದು ಪ್ರಯೋಜನವಿರಲಿಲ್ಲ. ಹೊತ್ತು ಇಳಿಯುವ ಮುಂಚೆ ನೀರು ಮತ್ತೆ ಸರಿಯುತ್ತದೆ. ಆಗ ಹೊರಡಲೇಬೇಕು. ನಾಳೆ ಅವರು ಬರುವಾಗ ಇಲ್ಲಿ ಯಾರೂ ಇರಬಾರದು.

ಅಜ್ಜಿಯ ತೋಳನ್ನು ಎದೆಗೆ ಕಟ್ಟಿದಳು. ಅಜ್ಜಿ ಹಲ್ಲು ಕಚ್ಚಿಕೊಂಡಿದ್ದಳು, ಬೈಗುಳ ನಿಲ್ಲಿಸಿರಲಿಲ್ಲ.

"ದಳಪತಿಗೆ ಕೊಡು ಅಂದೆ ನಾನು."

"ಆಗಿನ್ನೂ ನೀರು ಗೂಟದ ಬುಡದಲ್ಲೇ ಇತ್ತು ಅಜ್ಜಿ."

ಅಜ್ಜಿ ಬಾಗಿಲ ಒಳಗೆ ಕಣ್ಣಾಡಿಸಿದಳು. "ತೊಡೆ ಎಲ್ಲಿ?"

ತೊಡೆ ಡ್ರುಟೊನ ಮಣೆಯ ಮೇಲೆ ಹಾಗೇ ಇತ್ತು. ಯಾರೂ ಮುಟ್ಟಿರಲಿಲ್ಲ. ಮೇಲೆ ಜೊಂಡಿನ ಮಸಿ ಉದುರಿತ್ತು, ಕೊಬ್ಬು ತಣ್ಣಗಾಗಿ ಬಿಳಿ ಕಟ್ಟಿತ್ತು.

"ಮಸಿ ಒರೆಸಿ ಬಟ್ಟೇಲಿ ಸುತ್ತು," ಅಂದಳು ಅಜ್ಜಿ. "ದಿಬ್ಬದಲ್ಲಿ ದೋಣಿ ಕಟ್ಕೊಂಡು ನಮಗೆ ಕಾಯ್ತಿರೋರು ಹಸ್ಕೊಂಡಿರ್ತಾರೆ. ಲೊವರ್ನನಿಗೆ ರಕ್ತ ಹೋಗಿದೆ, ಮಾಂಸ ಬೇಕು."

ಬ್ರಿಕಾ ಸುತ್ತಿ ಬೆನ್ನಿಗೆ ಕಟ್ಟಿಕೊಂಡಳು. ಭಾರವಿತ್ತು. ನೀರು ಇಳಿದು ಬುರುಡೆ ಮತ್ತೆ ಕಾಣಿಸಿದಾಗ ಹೆಬ್ಬಾತುಗಳನ್ನು ಮುಂದೆ ಬಿಟ್ಟುಕೊಂಡು, ಅಜ್ಜಿಯ ಒಳ್ಳೆಯ ಕೈ ಹಿಡಿದು ಕಡ್ಡಿಯ ದಾರಿಗೆ ಇಳಿದಳು. ನಡುದಾರಿಯಲ್ಲಿ ಅಜ್ಜಿ, "ಹಸಿವಾದ್ರೆ ಒಂದು ತುಂಡು ಮುರ್ಕೋ," ಅಂದಳು.

"ಬೇಡ," ಅಂದಳು ಬ್ರಿಕಾ.

ಬೆಳಗಿನಿಂದ ಅವಳು ತಿಂದಿದ್ದು ಅಟೆಪೊ ಕೊಟ್ಟ ಆ ಒಂದು ತುಂಡು ಮಾತ್ರ. ಹೊಟ್ಟೆ ಚುರುಗುಟ್ಟುತ್ತಿತ್ತು. ಆದರೂ ಮುರಿಯಲಿಲ್ಲ. ದಿಬ್ಬ ತಲುಪಿ, ಅಣ್ಣ ಬದುಕಿರುವುದನ್ನು ನೋಡಿ, ಗಂಟು ಬಿಚ್ಚಿ ಎಲ್ಲರ ಮುಂದೆ ಇಟ್ಟು, ತಾನು ದೂರ ಹೋಗಿ ಹೆಬ್ಬಾತುಗಳ ಕಾಲಿನ ಕೆಸರು ತೊಳೆಯುತ್ತಾ ಕೂತಳು.